ಓಣಿಯವರೆಲ್ಲ ಒತ್ತಿದ ಗುಂಡಿ

ಶಿವಲೀಲಾ, ಸಂಗಮೇಶ, ಸರಕಾರ ಎಲ್ಲಿಂದ ನಡೆಯುತ್ತದೆ ಎಂದು ನಿಮ್ಮ ಶಾಲೆಯಲ್ಲಿ ಏನೇ ಕಲಿಸಿರಲಿ, ನಿಮ್ಮ ಸಣ್ಣಜ್ಜನ ಪ್ರಕಾರ ಅದು ನಡೆಯುತ್ತಿದ್ದದ್ದು ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿದ್ದ ಕಂಪ್ಯೂಟರ್ ಅಂಗಡಿಯಿಂದ!

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ. ಆಗ ಇಂಟರ್ನೆಟ್ ಬಂದ ಹೊಸತು. ಆ ಅಂಗಡಿಯೊಳಗೆ ಅವರು ಚಪ್ಪಲಿ ಬಿಟ್ಟು ಹೋಗುತ್ತಿದ್ದರು, ಟೋಪಿ ಮಾತ್ರ ತೆಗೆಯುತ್ತಿರಲಿಲ್ಲ. "ಸರಕಾರದ ಮುಂದ ಬರೇ ತಲಿಲೆ ಕುಂಡ್ರಬಾರದು" ಎನ್ನುತ್ತಿದ್ದರು. ಪರದೆಯ ಮೇಲೆ ಏನೂ ಮೂಡದಿದ್ದರೆ, "ಸಾಹೇಬ್ರು ಊಟಕ್ಕ ಹೋಗಿರಬೇಕು!" ಯಾವ ಸಾಹೇಬರು? ಯಾರಿಗೆ ಗೊತ್ತು!

ಆ ಬೇಸಿಗೆ ನಮ್ಮೂರಿಗೆ ಹೊಸ ಬೋರು ಮಂಜೂರಾಯಿತು. ಪಂಚಾಯ್ತಿಯವರು ಅದನ್ನು ಅಧ್ಯಕ್ಷರ ಮನೆಯ ಮುಂದೆಯೇ ಹಾಕಿಸಲು ಹೊರಟರು. ನಮ್ಮ ಓಣಿಯ ಹೆಂಗಸರು ಹಳ್ಳದ ಬಾವಿಯಿಂದ ನೀರು ಹೊರುವವರು. ನಮ್ಮನ್ನು ಕೇಳುವವರು ಯಾರು?

ಸಣ್ಣಜ್ಜ ಜಿಲ್ಲೆಯ ಸಾಹೇಬರಿಗೆ ಇ-ಮೇಲ್ ಕಳಿಸುವುದೆಂದು ನಿಶ್ಚಯಿಸಿದರು. ಆದರೆ ನಮ್ಮಲ್ಲಿ ಸಾಕ್ಷಿಗೆ ಪಂಚರಿಲ್ಲದೆ ಒಂದು ಎಮ್ಮೆಯೂ ಕೈ ಬದಲಾಗುವುದಿಲ್ಲವಲ್ಲ! ಟ್ರ್ಯಾಕ್ಟರಿನಲ್ಲಿ ಇಡೀ ಓಣಿಯನ್ನೇ ತುಂಬಿಕೊಂಡು ಹೊರಟರು. ಅಂಗಡಿಯ ಮಾಲಕ ಅರ್ಜಿ ಟೈಪು ಮಾಡಿ, ಕಳಿಸುವ ಗುಂಡಿ ತೋರಿಸಿದ.

"ಒಬ್ಬರು ಒತ್ತಿದ್ರ ಸಾಕ್ರಿ ಕಾಕಾ."

"ಇದೇನು ಒಬ್ಬನ ಅರ್ಜಿ ಏನೋ? ಎಲ್ಲಾರ ಬಟ್ಟೂ ಬೀಳಬೇಕು!"

ಒಬ್ಬೊಬ್ಬರೂ ಕೈ ಒರೆಸಿಕೊಂಡು ಬಂದು ಒತ್ತಿದರು. ಮಾಲಕ ಹಣೆ ಬಡಿದುಕೊಳ್ಳುತ್ತ ಪ್ರತಿಯೊಬ್ಬರಿಗೂ ಅದೇ ಅರ್ಜಿಯನ್ನು ಮತ್ತೆ ತೆರೆದುಕೊಟ್ಟ. ನಾನು ಬಾಗಿಲಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ನಿಂತೆ.

ವಾರ ಕಳೆಯುವುದರೊಳಗೆ ಜಿಲ್ಲೆಯ ಸಾಹೇಬರ ಜೀಪು ನಮ್ಮೂರಿಗೆ ಬಂತು.

"ಏನ್ರಿ ಇದು, ಹೊಳ್ಳಿ ಮಳ್ಳಿ ಅದೇ ಅರ್ಜಿ! ಕಂಪ್ಯೂಟರ್ ತುಂಬ ನಿಮ್ಮೂರ ಐತಿ!" ಎಂದರು ಸಾಹೇಬರು.

"ಓಣಿ ದೊಡ್ಡದೈತ್ರಿ" ಎಂದರು ಸಣ್ಣಜ್ಜ, ಬಹಳ ವಿನಯದಿಂದ.

"ಆತು, ಬೋರ್ ಎಲ್ಲಿ ಬೇಕು?"

ಗಂಡಸರೆಲ್ಲ ಒಮ್ಮೆಲೇ ಬಾಯಿ ತೆರೆದರು. ಒಬ್ಬರಿಗೆ ಕಟ್ಟೆಯ ಹತ್ತಿರ, ಇನ್ನೊಬ್ಬರಿಗೆ ಚಹಾದಂಗಡಿಯ ಹತ್ತಿರ! ಸಣ್ಣಜ್ಜ ಕೈಯೆತ್ತಿ ಅವರನ್ನು ಸುಮ್ಮನಾಗಿಸಿ ನನ್ನತ್ತ ತಿರುಗಿದರು.

"ವೈನಿ, ನೀವು ಹೇಳ್ರಿ. ಕೊಡ ಹೊರಾವ್ರು ನೀವು."

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ನಾಲ್ಕು ಮಂದಿಯ ಮುಂದೆ ನಿಂತವಳೇ ಅಲ್ಲ. ಸೆರಗಿನ ಮರೆಯಿಂದಲೇ ಹೇಳಿದೆ: "ಬೇವಿನ ಗಿಡದ ಹತ್ರ ಹಾಕ್ರಿ. ಎಲ್ಲಾ ಓಣಿಗೂ ಸಮ ಆಗ್ತೈತಿ."

ಸಾಹೇಬರು ಅಲ್ಲೇ ಸುಣ್ಣದ ಗುರುತು ಹಾಕಿಸಿದರು.

ಸಣ್ಣಜ್ಜ ಈಗಿಲ್ಲ. ಆ ಗುಂಡಿಯ ಕತೆ ಹೇಳಿ ಊರು ಇನ್ನೂ ನಗುತ್ತದೆ, ನಾನೂ ನಗುತ್ತೇನೆ. ಆದರೆ ನನ್ನ ಮಾತಿಗಾಗಿ ನಾಲ್ಕು ಮಂದಿಯನ್ನು ಸುಮ್ಮನಾಗಿಸಿದವರು ಅವರೊಬ್ಬರೇ. ಅಂದು ಅವರು ಕೇಳದಿದ್ದರೆ ಇಂದು ಇಷ್ಟು ಬರೆಯುವ ಧೈರ್ಯ ನನಗೆಲ್ಲಿ ಬರುತ್ತಿತ್ತು? ಈ ಹಾಳೆಗಳನ್ನು ಜೋಪಾನವಾಗಿಡಿರಿ, ಮಕ್ಕಳೇ.