ಜೇನಿನ ಬೆರಳು, ಹಾಲಿನ ಕ್ಲಾಸು

ಮನೆಯಲ್ಲಿ ಹಿರಿಯ ಅನ್ನಿಸಿಕೊಳ್ಳುವುದರಲ್ಲಿ ಒಂದು ತೊಂದರೆ ಇದೆ. ನಮಗೆ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ಪಂಪು ನಿಂತರೆ, ಬೇರಿಂಗು ಕಿರುಗುಟ್ಟಿದರೆ, ನಲ್ಲಿ ಸೋರಿದರೆ ನಾನು ಕಣ್ಣು ಮುಚ್ಚಿಕೊಂಡು ಕಾರಣ ಹೇಳಬಲ್ಲೆ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ತಲೆಗೂದಲು ಉದುರುವವರೆಗೆ ಮಾಡಿದ್ದು ಅದೇ ಕೆಲಸ. ಆದರೆ ನಲ್ಲಿ ಸೋರಿದರೆ ನಮ್ಮ ಮನೆಯವರು ಪೇಟೆಯಿಂದ ಪ್ಲಂಬರನನ್ನು ಕರೆಸುತ್ತಾರೆ. ನನ್ನ ಹತ್ತಿರ ಬರುವುದು ಸೀರೆಯ ಬಣ್ಣ, ಉಪ್ಪಿನಕಾಯಿಯ ಖಾರ, ಯಾರ ಮನೆಗೆ ಮೊದಲು ಹೋಗಬೇಕು ಎನ್ನುವಂಥ ಪ್ರಶ್ನೆಗಳು. ಇವಕ್ಕೆಲ್ಲ ನಾನು ಕಂಡುಕೊಂಡ ಉತ್ತರ ಒಂದೇ: ಹೂಂ. ಅದನ್ನು ಕಲಿತದ್ದೂ ಕಾರ್ಖಾನೆಯಲ್ಲೇ. ಮಷೀನಿನ ಸದ್ದಿನಲ್ಲಿ ಸಾಹೇಬರು ಹೇಳಿದ್ದು ಕಿವಿಗೆ ಬೀಳುತ್ತಿರಲಿಲ್ಲ. ಹೂಂ ಅಂದರೆ ಅವರು ಸಮಾಧಾನದಿಂದ ಮುಂದೆ ಹೋಗುತ್ತಿದ್ದರು. ಸಂಸಾರವೂ ಹೆಚ್ಚುಕಡಿಮೆ ಅದೇ ಸದ್ದು, ಅದೇ ಉಪಾಯ.

ಈ ಉಪಾಯ ಕೈಕೊಟ್ಟದ್ದು ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ಮನೆಗೆ ಬಂದಾಗ. ಮೊದಲೇ ಹೇಳಿಬಿಡುತ್ತೇನೆ, ನನಗೆ ಆಗ ನೆಲದ ಮೇಲೆ ಕಾಲು ಇರಲಿಲ್ಲ. ಅಜ್ಜನಾಗುತ್ತೇನೆ ಅಂತ ಕಟಿಂಗ್ ಅಂಗಡಿಯವನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ, ನನ್ನ ಭಾಷೆಯೇ ಬಾರದ ಒಬ್ಬ ಪ್ರವಾಸಿಗೂ ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿ ಹೇಳಿದೆ. ಅವನು ನನಗೆ ನಿದ್ದೆ ಬಂದಿದೆ ಅಂದುಕೊಂಡು ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟ.

ಇಂಥ ಸಂತೋಷದ ನಡುವೆ ರೇಣುಕಾ ಒಂದು ಮುಂಜಾನೆ ಚಹಾ ಕುಡಿಯುತ್ತ, "ಅಪ್ಪಾ, ದವಾಖಾನ್ಯಾಗ ಒಂದು ಕ್ಲಾಸ್ ಐತಂತ. ಕೂಸಿಗೆ ಹಾಲ ಕುಡಸೂದು ಹೆಂಗ ಅಂತ ಹೇಳಿಕೊಡ್ತಾರಂತ. ಹೋಗ್ಲ್ಯಾ?" ಅಂದಳು. ನಾನು ಹೂಂ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಲಟ್ಟಣಿಗೆ ನಿಂತಿತು. ನನ್ನ ಹೆಂಡತಿ ಗಂಗವ್ವ ಚಪಾತಿ ಲಟ್ಟಿಸುವುದನ್ನು ನಿಲ್ಲಿಸುವುದು ಎರಡೇ ಕಾರಣಕ್ಕೆ, ಒಂದು ಕರೆಂಟು ಹೋದರೆ, ಇನ್ನೊಂದು ಅವಳಿಗೆ ಸಿಟ್ಟು ಬಂದರೆ. ಕರೆಂಟು ಇತ್ತು.

"ಹಾಲ ಕುಡಸೂದಕ್ಕ ಕ್ಲಾಸ?" ಅಂತ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಾಳೆ ಉಸರಾಡಾಕೂ ಕ್ಲಾಸ್ ಇಡ್ತಾರ, ಹೋಗು. ನಿಮ್ಮನ್ನ ಮೂರೂ ಮಂದೀನ್ನ ನಾ ಏನ್ ಪಾಟೀ ಪೆನ್ಸಿಲ್ ಹಿಡಕೊಂಡು ಕುಡಿಸೇನೇನು? ಆಕಳಿಗೆ ಯಾರ ಹೇಳಿಕೊಟ್ಟಾರ?"

"ಯವ್ವಾ, ನಾ ಆಕಳಲ್ಲ."

"ಆಕಳಾಗಿದ್ರ ಇಷ್ಟ ವಾದಾ ಮಾಡ್ತಿದ್ದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀವ ಹೇಳ್ರಿ. ಹೋಗೂದು ಬ್ಯಾಡ ಹೌದಲ್ಲೋ?"

ಈಗ ನೋಡಿ, ನಾನು ಓದಿದ್ದು ನಾಲ್ಕನೇ ಇಯತ್ತೆ. ಜೀವಮಾನವೆಲ್ಲ ಕಾಗದ ಮಾಡಿದೆ, ಅದರ ಮೇಲೆ ಬರೆದದ್ದನ್ನು ಓದಿದ್ದು ಕಡಿಮೆ. ಅದರಲ್ಲೂ ಈ ವಿಷಯದಲ್ಲಿ ಗಂಡಸು ಏನು ಹೇಳಿಯಾನು? ನಾನು ಹಲ್ಲಿಗೆ ಸಿಕ್ಕ ಚಹಾಪುಡಿ ತೆಗೆಯುವವನಂತೆ ನಟಿಸಿದೆ. ಆದರೂ ತಲೆಯೊಳಗೆ ಒಂದು ಯೋಚನೆ ಬಂತು. ಕಾರ್ಖಾನೆಯಲ್ಲಿ ಹೊಸಬನನ್ನು ಯಾರೂ ಒಬ್ಬನೇ ಮಷೀನಿನ ಹತ್ತಿರ ಬಿಡುತ್ತಿರಲಿಲ್ಲ, ಒಬ್ಬ ಹಳಬ ಪಕ್ಕದಲ್ಲಿ ನಿಂತು ತೋರಿಸಬೇಕು. ಇದನ್ನು ಮೆಲ್ಲಗೆ ಹೇಳಿದೆ. "ಮಷೀನಿಗೆ ಸ್ವಿಚ್ ಇರ್ತೈತಿ. ಕೂಸಿಗೆ ಎಲ್ಲಿ ಐತಿ ಸ್ವಿಚ್, ತೋರಸ್ರಿ" ಅಂದಳು ಗಂಗವ್ವ. ನಾನು ಮತ್ತೆ ಹಲ್ಲಿನ ಚಹಾಪುಡಿಗೆ ಮರಳಿದೆ.

ಮಧ್ಯಾಹ್ನ ಗಂಗವ್ವ ಮಲಗಿದ ಮೇಲೆ ರೇಣುಕಾ ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕುಳಿತಳು. ಸೆರಗಿನ ತುದಿ ಸುತ್ತುತ್ತಿದ್ದಳು. ಸಣ್ಣವಳಿದ್ದಾಗ ಪಾಸಾಗುತ್ತೇನೋ ಇಲ್ಲವೋ ಎಂಬ ಹೆದರಿಕೆ ಬಂದಾಗಲೂ ಹೀಗೇ ಲಂಗದ ತುದಿ ಸುತ್ತುತ್ತಿದ್ದಳು.

"ಅಪ್ಪಾ, ನನಗ ಬರಲಿಲ್ಲಂದ್ರ?"

"ಏನ ಬರಲಿಲ್ಲಂದ್ರ?"

"ಹಾಲ. ಗಂಡನ ಮನ್ಯಾಗ ನಮ್ಮ ನೆಗೆಣ್ಣಿಗೆ ಬರಲಿಲ್ಲಲ್ಲ. ಡಬ್ಬಿ ಪುಡಿ ತರೂಮುಂದ ಮನ್ಯಾಗ ಒಬ್ಬರಾದ ಮ್ಯಾಲೆ ಒಬ್ಬರು ಅಂದರು. ಅಕಿ ಕೂಸಿನ ಮಾರೀನೂ ನೋಡಲಾರದಂಗ ಗ್ವಾಡೀ ಕಡೆ ಹೊಳ್ಳಿ ಮಲಗ್ತಿದ್ಲು. ನನಗ ಅದ ಕಣ್ಣಾಗ ಕುಂತೈತಿ."

ನಾನು ಹಿತ್ತಲ ಪಪ್ಪಾಯಿ ಗಿಡವನ್ನು ನೋಡಿದೆ. ತಂದೆ ಮಗಳು ಮಾತಾಡುವ ಮಾತಲ್ಲ ಇದು, ಆದರೆ ಅವಳಿಗೆ ಮಾತಾಡಲು ಸಿಕ್ಕವನು ನಾನೇ. "ಹೋಗಿ ಬಾ ನನ್ನವ್ವಾ" ಅಂದೆ. ಮನಸ್ಸಿನಿಂದಲೇ ಅಂದೆ. ಸಂಜೆ ಗಂಗವ್ವ, "ಅಕಿಗೆ ಬ್ಯಾಡ ಅಂತ ಹೇಳಿದ್ರಿಲ್ಲೋ?" ಅಂದಳು. ಹೂಂ ಅಂದೆ. ಅದು ರೂಢಿಯಿಂದ.

ಹೀಗೆ ಒಂದೇ ಸೂರಿನ ಕೆಳಗೆ ನನ್ನ ಎರಡು ಹುಕುಂ ಜಾರಿಯಲ್ಲಿದ್ದವು. ಅಳಿಯ ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ಕಾಳಿ ನದಿಯಲ್ಲಿ ರಬ್ಬರ್ ದೋಣಿಯ ಮೇಲೆ ಕರೆದೊಯ್ಯುವವನು. ಭಾನುವಾರ ಬಂದವನು ಕ್ಲಾಸಿನ ಪರವಾಗಿ ನಿಂತ. "ಅತ್ತೆಯವರ, ನಾವು ಜಾಕೀಟ ಹಾಕ್ಕೊಳ್ಳೂದು, ಹುಟ್ಟ ಹಿಡಿಯೂದು ಎಲ್ಲಾ ದಂಡೀ ಮ್ಯಾಲ ಕಲಸ್ತೇವ್ರಿ. ನೀರಾಗ ಬಿದ್ದ ಮ್ಯಾಲೆ ಕಲಸಾಕ ಬರೂದಿಲ್ಲ" ಅಂದ. ಗಂಗವ್ವ ಅಳಿಯನಿಗೆ ಎದುರು ಮಾತಾಡುವುದಿಲ್ಲ. ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿ ಬಾಯಿ ಮುಚ್ಚಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಕ್ಲಾಸಿನ ವಿಷಯ ಅಲ್ಲೇ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಕೂಸು ಹುಟ್ಟಿದ ಕೂಡಲೇ ಮನೆಯ ಹಿರಿಯರೊಬ್ಬರು ಬೆರಳನ್ನು ಜೇನುತುಪ್ಪದಲ್ಲಿ ಅದ್ದಿ ಅದರ ನಾಲಿಗೆಗೆ ಹಚ್ಚಬೇಕು. ಯಾರು ಹಚ್ಚುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆ. ರೇಣುಕಾಗೆ ಹಚ್ಚಿದವಳು ನನ್ನ ಸೋದರತ್ತೆ. ಊರಿನ ಅರ್ಧ ಮಂದಿಯ ಸಂಗಡ ಮಾತು ಬಿಟ್ಟಿದ್ದವಳು, ಆದ್ದರಿಂದಲೇ ರೇಣುಕಾ ಇಷ್ಟು ಹಟಮಾರಿ ಅಂತ ಗಂಗವ್ವ ಇವತ್ತಿಗೂ ಹೇಳುತ್ತಾಳೆ. ಈ ಸಲ ತನ್ನದೇ ಬೆರಳು ಅಂತ ಅವಳು ಯಾವಾಗಲೋ ನಿಶ್ಚಯಿಸಿ, ಜೇನಿನ ಬಾಟಲಿ ದೇವರ ಮುಂದೆ ಇಟ್ಟಿದ್ದಳು.

ಅಷ್ಟರಲ್ಲಿ ತೇರಗಾಂವದಿಂದ ಬೀಗತಿಯ ಫೋನು ಬಂತು. "ಗಂಗಕ್ಕಾ, ಹೊಲದ ಬದುವಿನ ಜೇನು ಬಿಡಿಸಿ ಇಟ್ಟೇನ್ರಿ. ಹೆರಿಗಿ ಆದಕೂಡಲೇ ಬರ್ತೇನಿ. ನಮ್ಮ ವಂಶದ ಕೂಸು, ನಾನ ನೆಕ್ಕಸ್ತೇನಿ." ಫೋನು ಇಟ್ಟ ಮೇಲೆ ಗಂಗವ್ವ ದೇವರ ಮುಂದಿನ ತನ್ನ ಬಾಟಲಿಯನ್ನು ತೆಗೆದು ಒರೆಸಿ ಮತ್ತೆ ಅಲ್ಲೇ ಇಟ್ಟಳು. ಬೀಗತಿ ಒಳ್ಳೆಯವಳೇ. ಆದರೆ ಬಂದವರಿಗೆ ಚಹಾ ಬೇಕೋ ಅಂತ ಕೇಳುವುದು ಅವರು ಚಪ್ಪಲಿ ಮೆಟ್ಟಿದ ಮೇಲೆ. "ಆ ಗುಣಾ ನಮ್ಮ ಕೂಸಿಗೆ ಬರಬೇಕೇನ್ರಿ?" ಅಂದಳು. ಬೇಡ ಅನ್ನುವಂತಿಲ್ಲ, ಗಂಡಿನ ಕಡೆಯವರು.

ರೇಣುಕಾ ಮೊಬೈಲಿನಿಂದ ತಲೆ ಎತ್ತದೇ ಹೇಳಿದಳು: "ಕ್ಲಾಸಿನ್ಯಾಗ ಜೇನು ಕೊಡೂದ ಬ್ಯಾಡ ಅಂತಾರಂತ. ಯಾರೂ ಕೊಡಬಾರದಂತ."

"ಯಾರೂ?"

"ಯಾರೂ."

ಗಂಗವ್ವನ ಮುಖದಲ್ಲಿ ಬೆಳಕು ಮೂಡಿದ್ದನ್ನು ನಾನು ನೋಡಿದೆ. ತನ್ನ ಬೆರಳು ಹೋದರೂ ಚಿಂತೆಯಿಲ್ಲ, ಬೀಗತಿಯ ಬೆರಳೂ ಹೋಗುತ್ತದಲ್ಲ. ಆಗಿಂದಾಗ ತೇರಗಾಂವಕ್ಕೆ ಫೋನು ಹಚ್ಚಿದಳು. "ಅಕ್ಕಾರ, ಬುಧವಾರ ಬರ್ರಿ. ದವಾಖಾನ್ಯಾಗ ಭಾಳ ಛಲೋ ಕ್ಲಾಸ್ ಐತಿ. ಈಗಿನ ಕಾಲದಾಗ ಕಲೀಲಾರದ ನಡೀತೈತೇನ್ರಿ?" ಆಮೇಲೆ ನನ್ನ ಕಡೆ ತಿರುಗಿ, "ಹೋಗೂದು ಬ್ಯಾಡ ಅಂದವರು ನೀವ ಅಲ್ಲೇನು? ಹಳೇ ಕಾಲದವರು" ಅಂದಳು. ಹೂಂ ಅಂದೆ.

ಬುಧವಾರ ನಾನು ಹೊರಗೆ ಬೆಂಚಿನ ಮೇಲೆ ಕೂರುವುದೆಂದು ತೀರ್ಮಾನವಾಗಿತ್ತು. ಕ್ಲಾಸು ಹೇಳುವ ಸಿಸ್ಟರು ಬಿಡಲಿಲ್ಲ. "ಅಜ್ಜಾರ, ಮನ್ಯಾಗಿನ ಗಂಡಸರಿಗೂ ತಿಳಿದಿರಬೇಕ್ರಿ" ಅಂತ ಒಳಗೆ ಕರೆದು, ನನ್ನ ಕೈಗೆ ಒಂದು ಬೊಂಬೆ ಕೊಟ್ಟರು. ಬಸುರಿಯರ ನಡುವೆ ಬೊಂಬೆ ಹಿಡಿದುಕೊಂಡು ನಾನು ಕ್ಯಾಲೆಂಡರ್ ನೋಡುತ್ತ ನಿಂತೆ. ಆ ತಿಂಗಳ ಹಬ್ಬಗಳೆಲ್ಲ ನನಗೆ ಈಗಲೂ ಬಾಯಿಪಾಠ.

ಸಿಸ್ಟರು ಜೇನು ಬೇಡ ಅಂದಾಗ ಗಂಗವ್ವ ಕೈ ಎತ್ತಿ, "ಅಜ್ಜಿ ಕೊಟ್ರೂ ಬ್ಯಾಡೇನ್ರಿ?" ಅಂದಳು. ಯಾರು ಕೊಟ್ಟರೂ ಬೇಡ ಅಂದರು. "ತಂದಿ ಕಡೀ ಅಜ್ಜಿ?" ಅವರೂ ಬೇಡ. "ಇನ್ನೊಮ್ಮೆ ಜೋರಾಗಿ ಹೇಳ್ರಿ, ಇವರಿಗೆ ಕಿವಿ ಒಂದೀಟು ಮಂದ" ಅಂದಳು. ಕಿವಿ ಮಂದವಿಲ್ಲದ ಬೀಗತಿ ಕೈಚೀಲದಲ್ಲಿದ್ದ ಬಾಟಲಿಯನ್ನು ಇನ್ನಷ್ಟು ಕೆಳಗೆ ತಳ್ಳಿದಳು.

ಆಮೇಲೆ ಸಿಸ್ಟರು ಹೇಳಿದ ಮಾತಿಗೆ ನಾನೂ ಕ್ಯಾಲೆಂಡರ್ ಬಿಟ್ಟು ತಿರುಗಿದೆ. ಮೊದಲ ದಿನಗಳಲ್ಲಿ ಹಾಲು ಸ್ವಲ್ಪವೇ ಬರುತ್ತದೆ, ಕೂಸಿನ ಹೊಟ್ಟೆಯೂ ಅಷ್ಟೇ ಸಣ್ಣದು, ಅದು ಚೀಪಿದಂತೆ ಹಾಲು ಹೆಚ್ಚುತ್ತದೆ, ಕಷ್ಟವಾದರೆ ನಮ್ಮನ್ನು ಕೇಳಿ, ಅದರಲ್ಲಿ ತಾಯಿಯ ತಪ್ಪೇನೂ ಇಲ್ಲ ಅಂದರು. ರೇಣುಕಾಳ ಬೆರಳಿಂದ ಸೆರಗಿನ ತುದಿ ಬಿಚ್ಚಿಕೊಂಡಿತು. ಮೊದಲು ಬರುವ ಹಳದಿ ಹಾಲನ್ನು ಚೆಲ್ಲಬಾರದು, ಅದನ್ನೇ ಕೊಡಬೇಕು ಅಂದಾಗ ಮಾತ್ರ ಗಂಗವ್ವ ಎತ್ತಿದ್ದ ಕೈ ಇಳಿಸಿದಳು. ಮರಳುವಾಗ ಆಟೋದಲ್ಲಿ, "ಅವಾಗ ಹಿರ್ಯಾರು ಹಿಂಡಿ ಚೆಲ್ಲು ಅಂದ್ರು, ಚೆಲ್ಲಿದೆ. ನಮಗ ಯಾರ ಹೇಳಬೇಕಿತ್ತು?" ಅಂತ ಹೊರಗೆ ನೋಡಿದಳು. ಬೀಗತಿ, "ನನಗೂ ಯಾರೂ ಹೇಳಲಿಲ್ಲ ಬಿಡ್ರಿ ಗಂಗಕ್ಕಾ" ಅಂದಳು. ಅವರಿಬ್ಬರೂ ಒಂದೇ ಪಕ್ಷ ಸೇರಿದ್ದನ್ನು ನಾನು ಕಂಡದ್ದು ಆವತ್ತೇ.

ಮೊಮ್ಮಗಳು ಬಂದಳು. ಹಿಡಿಯಷ್ಟು ಮುಖ, ತಲೆತುಂಬ ಕೂದಲು. ಮೊದಲ ದಿನ ತಾಯಿ ಮಗಳು ಇಬ್ಬರೂ ಅತ್ತರು, ಸಿಸ್ಟರು ಬಂದು ಪಕ್ಕದಲ್ಲಿ ಕುಳಿತರು. ಎರಡು ದಿನದಲ್ಲಿ ಕೂಸು ಚಪಚಪ ಸದ್ದು ಮಾಡಿ ಕುಡಿಯತೊಡಗಿತು. ನಾನು ಪರದೆಯ ಹೊರಗೆ ನಿಂತು ಆ ಸದ್ದು ಕೇಳಿದೆ. ನನ್ನ ಕಾರ್ಖಾನೆಯ ಯಾವ ಮಷೀನೂ ಅಷ್ಟು ಚೆನ್ನಾಗಿ ಓಡಿರಲಿಲ್ಲ.

ಇನ್ನೊಂದು ಮಾತು ಉಳಿಯಿತು. ನಾನೂ ಜೋಯಿಡಾ ಕಾಡಿನ ಜೇನಿನ ಒಂದು ಬಾಟಲಿ ತರಿಸಿ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಆಸೆ ಅಜ್ಜಂದಿರಿಗೂ ಇರುತ್ತದೆ. ಕ್ಲಾಸಾದ ಮೇಲೆ ಅದನ್ನು ಚಪಾತಿಗೆ ಹಚ್ಚಿಕೊಂಡು ತಿಂದು ಮುಗಿಸುತ್ತಿದ್ದೆ. ಮೊನ್ನೆ ಹಾಗೆ ತಿಂದು ಒಳಗೆ ಹೋದಾಗ ಕೂಸಿನ ಒಂದು ಬದಿಗೆ ಗಂಗವ್ವ, ಇನ್ನೊಂದು ಬದಿಗೆ ಬೀಗತಿ ಕುಳಿತಿದ್ದರು. ಕೆನ್ನೆ ಮುಟ್ಟಿದರೆ ಕೂಸು ಆ ಕಡೆಗೇ ಬಾಯಿ ತಿರುಗಿಸುತ್ತದೆ ಅಂತ ಕ್ಲಾಸಿನಲ್ಲಿ ಹೇಳಿದ್ದರಲ್ಲ. ಗಂಗವ್ವ ಮುಟ್ಟಿದರೆ ಈ ಕಡೆ, ಬೀಗತಿ ಮುಟ್ಟಿದರೆ ಆ ಕಡೆ. ಯಾರನ್ನೂ ಬೇಡ ಅನ್ನುತ್ತಿರಲಿಲ್ಲ.

ಗಂಗವ್ವ ಮೆಲ್ಲಗೆ ತಲೆ ಎತ್ತಿ ನನ್ನ ಮುಖ ನೋಡಿದಳು, ಆಮೇಲೆ ಅಂಟಂಟಾದ ನನ್ನ ಬೆರಳು ನೋಡಿದಳು. "ಥೇಟ್ ನಿಮ್ಮ ಗುಣಾ ಬಂದೈತಿ. ಕದ್ದು ಜೇನು ನೆಕ್ಕಿಸಿದ್ರೇನ್ರಿ?"

ದೇವರಾಣೆ ನೆಕ್ಕಿಸಿರಲಿಲ್ಲ. ಆದರೆ ಇಷ್ಟು ವರ್ಷದ ರೂಢಿ ನೋಡಿ, ಬಾಯಿಂದ ಬಂದದ್ದು ಹೂಂ.