ಗುಬ್ರಾದಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿದ ದಿನ

ಮಸ್ಕತ್ತಿನ ಅಲ್ ಗುಬ್ರಾದಲ್ಲಿದ್ದ ನಮ್ಮ ಊರ ಕಡೆಯವರಿಗೆ ಚಳಿಗಾಲ ಬಂತೆಂದು ತಿಳಿಯುತ್ತಿದ್ದದ್ದು ಪಂಚಾಂಗದಿಂದಲ್ಲ, ರೇಡಿಯೋದಿಂದಲೂ ಅಲ್ಲ, ತೆಂಗಿನೆಣ್ಣೆಯ ಬಾಟ್ಲಿಯಿಂದ. ಸೆಕೆ ಇಳಿದು ಇಳಿದು, ಒಂದು ಬೆಳಿಗ್ಗೆ ಯಾರದೋ ಬಚ್ಚಲಿನಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿರುತ್ತಿತ್ತು. ಹಿಮ ಕಂಡರಿಯದ ಕರಾವಳಿಯ ನಮಗೆ ಅದೇ ವರ್ಷದ ಮೊದಲ ಹೆಪ್ಪು. ಯಾರ ಮನೆಯ ಎಣ್ಣೆ ಮೊದಲು ಗಟ್ಟಿಯಾಯಿತೋ, ಚಳಿಗಾಲದ ಮೊದಲ ಪಿಕ್‌ನಿಕ್ಕಿನ ದಿನ, ಜಾಗ, ಊಟ ಎಲ್ಲ ಅವರು ಹೇಳಿದಂತೆ. ಮೂರು ವರ್ಷದಿಂದ ಈ ಗೌರವ ಕೆಳಗಿನ ಫ್ಲಾಟಿನ ಶೆಟ್ರಿಗೇ ಹೋಗುತ್ತಿತ್ತು.

ಆ ವರ್ಷ ನಾನು ಸಂಕಲ್ಪ ಮಾಡಿದೆ. ನವೆಂಬರ್ ಮೊದಲ ವಾರದಲ್ಲೇ ಬಚ್ಚಲಿನ ಬಾಟ್ಲಿಯನ್ನು ತಂದು ಬಿಸಿಲು, ಉಗಿ, ಮಕ್ಕಳ ಕೈ ಯಾವುದೂ ತಾಗದ ಹಾಗೆ ಮಲಗುವ ಕೋಣೆಯ ಕಪಾಟಿನ ಮೇಲೆ ವೈಜ್ಞಾನಿಕವಾಗಿ ಸ್ಥಾಪಿಸಿದೆ.

ಮೂರನೆಯ ಬೆಳಿಗ್ಗೆ ಬಾಟ್ಲಿಯನ್ನು ತಲೆಕೆಳಗೆ ಹಿಡಿದರೂ ಎಣ್ಣೆ ಮಿಸುಕಲಿಲ್ಲ.

"ಒಮ್ಮೆ ಹೊರಗೆ ಹೋಗಿ ನೋಡಿ, ಮತ್ತೆ ಫೋನು ಮಾಡಿ," ಎಂದಳು ಹೆಂಡತಿ ಸುಮತಿ, ಎರಡು ಹೊದಿಕೆಯ ಒಳಗಿನಿಂದ.

ಹೊರಗೆ ಹೋಗಿ ಬರುವಷ್ಟರಲ್ಲಿ ಶೆಟ್ರು ಗೆದ್ದುಬಿಟ್ಟರೆ? ನಮ್ಮ ಊರ ಕಡೆಯವರ ಏಳೂ ಮನೆಗೆ ಫೋನು ಮಾಡಿದೆ.

"ನಮ್ಮದು ನೀರಿನ ಹಾಗೆ ಉಂಟಲ್ಲ ಮಾರಾಯ್ರೆ," ಎಂದರು ಶೆಟ್ರು.

"ನಿಮ್ಮ ಬಚ್ಚಲು ಪೂರ್ವಕ್ಕೆ ಶೆಟ್ರೇ. ನಿಮಗೆ ಶೀತಗಾಳಿ ತಲುಪಲು ಎರಡು ದಿನ ಬೇಕು."

ಆ ಜ್ಞಾನ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಆದೇಶ ಹೊರಟಿತು: ಶುಕ್ರವಾರ, ಇಬ್ರಾ ದಾರಿಯ ವಾದಿಯಲ್ಲಿ, ಅಂದರೆ ಕಲ್ಲು ತುಂಬಿದ ಹೊಳೆಯಲ್ಲಿ, ಪಿಕ್‌ನಿಕ್. ಮಕ್ಕಳಿಗೆ ಸ್ವೆಟರ್ ಕಡ್ಡಾಯ. ತಂಪು ಪಾನೀಯ ನಿಷಿದ್ಧ. ಸರ್ವರಿಗೂ ಕಾಳುಮೆಣಸಿನ ಕಷಾಯ. ಸಾಕ್ಷಿಗೆಂದು ಬಾಟ್ಲಿಯನ್ನು ಟವೆಲಿನಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡೆ.

ಹನ್ನೊಂದು ಗಂಟೆಗೆ ವಾದಿಯ ಕಲ್ಲುಗಳು ದೋಸೆಕಾವಲಿಯಂತೆ ಕಾದಿದ್ದವು. ಸ್ವೆಟರಿನೊಳಗೆ ಮಕ್ಕಳು ಕಡುಬಿನ ಹಾಗೆ ಬೇಯುತ್ತಿದ್ದರು. ಶೆಟ್ರ ಮಗಳು, "ಅಂಕಲ್, ವೇರ್ ಈಸ್ ದ ವಿಂಟರ್?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯಲ್ಲಿ ಗ್ಯಾರೇಜು ಇಟ್ಟಿದ್ದ ಹಮೀದಾಕ ಒಂದು ಗುಟುಕು ಕಷಾಯ ಕುಡಿದು, ಕುತ್ತಿಗೆಯ ಬೆವರು ಒರೆಸಿ, "ಒಳ್ಳೇದುಂಟು. ಬಿಸಿ ರೇಡಿಯೇಟರಿಗೆ ಕುದಿನೀರು ಹೊಯ್ದ ಹಾಗೆ," ಎಂದರು.

"ಸಾಕ್ಷಿ ತೋರಿಸಿ," ಎಂದರು ಶೆಟ್ರು.

ಟವೆಲ್ ಬಿಚ್ಚಿದೆ. ಎಣ್ಣೆ ಗುಳುಗುಳು ಎಂದು ಅಲುಗಿತು.

"ದಾರಿಯಲ್ಲಿ ಕರಗಿದ್ದು. ಮನೆಯಲ್ಲಿ ಕಲ್ಲಾಗಿತ್ತು. ಬೇಕಾದರೆ ಸುಮತಿಯನ್ನು ಕೇಳಿ."

"ಹೌದು, ಕಲ್ಲೇ ಆಗಿತ್ತು," ಎಂದಳು ಸುಮತಿ. ಅಲ್ಲಿಗೆ ನಿಲ್ಲಿಸಬಹುದಿತ್ತು. "ರಾತ್ರಿಯಿಡೀ ಏಸಿಯ ಬಾಯಿಗೇ ಇಟ್ಟರೆ ಇನ್ನೇನಾಗ್ತದೆ? ನಾನೂ ಅರ್ಧ ಕಲ್ಲಾಗಿದ್ದೆ."

ಇಡೀ ವಾದಿ ನಕ್ಕಿತು. ಹಮೀದಾಕ, "ಖಲಾಸ್, ಚಳಿಗಾಲ ಮುಗಿಯಿತು," ಎನ್ನುತ್ತಾ ತಮ್ಮ ಡಿಕ್ಕಿ ತೆಗೆದರು. ಒಳಗೆ ಐಸ್‌ಪೆಟ್ಟಿಗೆಯ ತುಂಬ ನನ್ನ ನಿಷಿದ್ಧ ಪಾನೀಯ. ಸ್ವೆಟರ್ ಕಳಚಿದ ಮಕ್ಕಳು ಬಂಡೆಯ ಸಂದಿನ ನೀರಿಗೆ ಹಾರಿದರು, ಹಿಂದೆಯೇ ಪಂಚೆ ಕಟ್ಟಿ ಶೆಟ್ರೂ ಹಾರಿದರು. ಅಂಥ ಖುಷಿಯ ಪಿಕ್‌ನಿಕ್ ಮತ್ತೆ ಆಗಲಿಲ್ಲ.

ನಾಲ್ಕು ವಾರ ಕಳೆದು ಶೆಟ್ರ ಫೋನು ಬಂತು: ಅವರ ಎಣ್ಣೆ ಗಟ್ಟಿಯಾಗಿತ್ತು. ಆಮೇಲೆ ಒಂದೊಂದೇ ಮನೆಯಿಂದ ಅದೇ ಸುದ್ದಿ. ನಮ್ಮ ಬಚ್ಚಲ ಬಾಟ್ಲಿ ಮಾತ್ರ ಜನವರಿಯಲ್ಲೂ ನೀರು. ಗಾಳಿಯ ದಿಕ್ಕು ನೋಡಿದೆ, ಗೋಡೆಯ ದಪ್ಪ ಅಳೆದೆ. ಕೊನೆಗೆ ಸುಮತಿಯನ್ನೇ ಕೇಳಿದೆ.

"ಅದು ಎಳ್ಳೆಣ್ಣೆ," ಎಂದಳು ತಲೆ ಬಾಚುತ್ತಾ. "ಪಿಕ್‌ನಿಕ್ಕಿನ ಮರುದಿನವೇ ತುಂಬಿಸಿಟ್ಟೆ. ಗಟ್ಟಿಯಾದರಲ್ವಾ ನೀವು ಫೋನಿನ ಹತ್ತಿರ ಹೋಗುವುದು?"

ಎರಡು ತಿಂಗಳು ದಿನಾ ಅದನ್ನೇ ತಲೆಗೆ ತಿಕ್ಕಿಕೊಂಡಿದ್ದ ಹವಾಮಾನ ತಜ್ಞನಿಗೆ ವಾಸನೆಯೂ ಹತ್ತಿರಲಿಲ್ಲ.