ಗೋಣಿಬೀಡಿಗೆ ನಾನು ಸುರಿಸಿದ ಮಳೆ

ದುಡ್ಡಿರುವವರನ್ನು ಕಂಡು ನಾನು ಯಾವತ್ತೂ ಹೊಟ್ಟೆ ಉರಿದುಕೊಂಡವನಲ್ಲ. ನೂರೆಕರೆ ತೋಟದ ಸಾಹುಕಾರರ ಜೀಪು ಹಾದುಹೋದರೆ, ಅದರ ಇಂಜಿನ್ನಿನ ಶಬ್ದ ಕೇಳಿ, ಪಾಪ, ಇನ್ನೆರಡು ತಿಂಗಳಲ್ಲಿ ಇದು ಕೈಕೊಡುತ್ತದೆ ಎಂದುಕೊಳ್ಳುತ್ತೇನೆ, ಅಷ್ಟೆ. ಆದರೆ ನಾಲ್ಕು ಜನರ ನಡುವೆ ಒಬ್ಬ ಮಾತಾಡಿ, ಉಳಿದ ಮೂವರು ತಲೆಯಾಡಿಸಿ, ಆ ಮಾತಾಡಿದವನು ನಾನಲ್ಲದಿದ್ದರೆ, ಆ ದಿನ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಗೋಣಿಬೀಡಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಕಾಫಿ ಗಿಡಕ್ಕೆ ನೀರು ಹಾರಿಸಲು ಪಂಪು, ಪೈಪು, ಸ್ಪ್ರಿಂಕ್ಲರ್ ಬಾಡಿಗೆಗೂ ಕೊಡುತ್ತೇನೆ. ಅಂಗಡಿಯ ಮುಂದೆ ಒಂದು ಬೆಂಚು. ಯಾವ ಸರ್ಕಾರ ಬೀಳಬೇಕು, ಯಾರಿಗೆ ಟಿಕೆಟ್ ಕೊಡಬಾರದಿತ್ತು, ವರದಕ್ಷಿಣೆ ತೆಗೆದುಕೊಂಡವನನ್ನು ಏನು ಮಾಡಬೇಕು, ಎಲ್ಲವೂ ಆ ಬೆಂಚಿನ ಮೇಲೆ ತೀರ್ಮಾನವಾಗುತ್ತಿತ್ತು. ತೀರ್ಮಾನಿಸುವವನು, ಹೇಳಬೇಕಾಗಿಲ್ಲ, ನಾನು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಲಕ್ಷ್ಮಣ ದಿನವೂ ಬಂದು, ತುಟಿ ಬಿಚ್ಚದೆ ಕೇಳಿಸಿಕೊಂಡು ಹೋಗುತ್ತಿದ್ದ. ಒಳ್ಳೆಯ ಶಿಷ್ಯ ಎಂದುಕೊಂಡಿದ್ದೆ.

ಮೂಡಿಗೆರೆಗೆ ಸೈಬರ್ ಸೆಂಟರ್ ಬಂದ ಹೊಸತು. ಅದನ್ನು ನೋಡಿಕೊಳ್ಳುತ್ತಿದ್ದವಳು ನನ್ನ ಹೆಂಡತಿಯ ಅಕ್ಕನ ಮಗಳು ಶೋಭಾ. ಒಂದು ದಿನ ಬೇರಿಂಗ್ ತರಲು ಹೋದವನು ಅಲ್ಲಿಗೂ ಇಣುಕಿದೆ.

"ಚಿಕ್ಕಪ್ಪ, ನಿಮ್ಮ ಲಕ್ಷ್ಮಣಣ್ಣ ಇಲ್ಲಿ ಭಾರಿ ಫೇಮಸ್ಸು" ಎಂದಳು.

ಕಂಪ್ಯೂಟರಿನಲ್ಲಿ ಒಂದು ಹರಟೆಕಟ್ಟೆ. ಊರಲ್ಲಿರುವ, ಊರು ಬಿಟ್ಟಿರುವ ಮಲೆನಾಡಿನವರೆಲ್ಲ ಸೇರಿ ರಾಜಕೀಯದಿಂದ ಹಿಡಿದು ಕಳಲೆ ಪಲ್ಯದವರೆಗೆ ಬರೆದು ಗುದ್ದಾಡುವ ಜಾಗ. ಅಲ್ಲಿ ಲಕ್ಷ್ಮಣ ಬರೆದಿದ್ದ: 'ಮದುವೆಮನೆಯಲ್ಲಿ ನೆಂಟರ ಕೈಗೆ ತಟ್ಟೆ ಕೊಟ್ಟು ಸಾಲಲ್ಲಿ ನಿಲ್ಲಿಸುತ್ತಾರಲ್ಲ, ವೋಟು ಕೇಳಲು ಬಂದವರನ್ನೂ ಹಾಗೆಯೇ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಬೇಕು.' ಕೆಳಗೆ ಇಪ್ಪತ್ತೇಳು ಜನರ ಉತ್ತರ. 'ಎಂಥ ಮಾತು ಸರ್', 'ನೀವು ಪೇಪರಿಗೆ ಬರೆಯಬೇಕು ಸರ್'. ಆ ಮಾತು ನನ್ನದು. ಜಾಮ್ ಆದ ವಾಲ್ವನ್ನು ಬಿಚ್ಚುತ್ತಾ ಹೇಳಿದ್ದೆ. ನನ್ನ ಕೈಯೆಲ್ಲ ಗ್ರೀಸು, ಸರ್ ಆದವನು ಅವನು.

ನಾನೂ ಸೇರಿಕೊಂಡೆ. 'ನೇರಮಾತು' ಎಂದು ಹೆಸರಿಟ್ಟುಕೊಂಡೆ. ನಾನು ಹೇಳುವುದು, ಶೋಭಾ ಟೈಪು ಮಾಡುವುದು. ಹಾಳಾದ ರಸ್ತೆಯ ಬಗ್ಗೆ ಎದೆ ಉರಿದು ಬರೆಸಿದ್ದಕ್ಕೆ ಒಂದೇ ಉತ್ತರ ಬಂತು: 'ಪ್ಯಾರಾ ಮಾಡಿ ಬರೆಯಿರಿ'. ಕರೆಂಟಿನ ಬಗ್ಗೆ ಬರೆಸಿದ್ದಕ್ಕೆ ಅದೂ ಇಲ್ಲ. ಇತ್ತ ಲಕ್ಷ್ಮಣ 'ಇವತ್ತು ಯಾಕೋ ಬೇಜಾರು' ಎಂದು ಬರೆದರೆ ಸಮಾಧಾನ ಹೇಳಲು ಜನರ ನೂಕುನುಗ್ಗಲು.

ಮಾರ್ಚ್ ತಿಂಗಳು ಬಂತು. ಆಗ ನಮ್ಮ ಕಡೆ ಜನ ಕುಶಲ ಕೇಳುವ ಮೊದಲು ಮಳೆ ಕೇಳುತ್ತಾರೆ. ಕಾಫಿ ಮೊಗ್ಗು ಬಲಿತು ನಿಂತಾಗ ಹೂಮಳೆ ಬೀಳಬೇಕು, ಇಲ್ಲವೇ ಪಂಪಿನ ನೀರಾದರೂ ಬೀಳಬೇಕು. ಎರಡೂ ತಪ್ಪಿದರೆ ಮೊಗ್ಗು ಕರಟಿ, ಮುಂದಿನ ಫಸಲು ಹೋದಂತೆ. ಹಾಗಾಗಿ ಹರಟೆಕಟ್ಟೆಯಲ್ಲೂ ಅದೇ ಮಾತು: ಎಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ನಮ್ಮವರು ವಯಸ್ಸಿನಲ್ಲಿ, ಫಸಲಿನಲ್ಲಿ ಸುಳ್ಳು ಹೇಳಿಯಾರು, ಮಳೆಯ ಅಳತೆಯಲ್ಲಿ ಯಾರೂ ಹೇಳುವುದಿಲ್ಲ. ಅವತ್ತು ಲಕ್ಷ್ಮಣ 'ಮೋಡ ಇದೆ, ಹನಿ ಇಲ್ಲ' ಎಂದು ಬರೆದಿದ್ದ. ಬಾರದ ಮಳೆಗೂ ಹದಿನಾಲ್ಕು ಉತ್ತರ. ನನಗೆ ತಡೆಯಲಾಗಲಿಲ್ಲ.

"ಬರಿ ಮಾರಾಯ್ತಿ. ಗೋಣಿಬೀಡಿನಲ್ಲಿ ಈಗಷ್ಟೇ ಒಂದಿಂಚು ಮೂವತ್ತು ಸೆಂಟ್."

"ಹೌದಾ ಚಿಕ್ಕಪ್ಪ? ನಿಮ್ಮ ಅಂಗಿ ಒಣಗೇ ಉಂಟಲ್ಲ."

"ಛತ್ರಿ ಇತ್ತು."

ನಮ್ಮಲ್ಲಿ ಗುಡ್ಡದ ಈಚೆ ಮಳೆ ಸುರಿದರೂ ಆಚೆ ನೆಲ ಒಣಗಿರುವುದುಂಟು. ಹಾಗಾಗಿ ಯಾರೂ ಅನುಮಾನಪಡಲಿಲ್ಲ. ನಾನು ಸ್ಪಾನರ್ ಖರೀದಿಸಿ ವಾಪಸ್ ಬರುವಷ್ಟರಲ್ಲಿ ಮೂವತ್ತೊಂದು ಉತ್ತರ. 'ಒಳ್ಳೆ ಸುದ್ದಿ ಸರ್', 'ಪುಣ್ಯವಂತರು ಸರ್'. ಬಸ್ಸಿನಲ್ಲಿ ಸೀಟಿದ್ದರೂ ನಿಂತುಕೊಂಡೇ ಊರಿಗೆ ಬಂದೆ.

ಮಾರನೆಯ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಸರೋಜಮ್ಮ ಟೀಚರ್ ಫೋನು. ನನಗೆ ಪಾಠ ಹೇಳಿದವರು. ರಿಟೈರಾದ ಮೇಲೆ ಮಗಳ ಮನೆಯಲ್ಲಿದ್ದಾರೆ. ನಮ್ಮೂರಲ್ಲಿ ಅವರದು ನಾಲ್ಕೆಕರೆ ರೋಬಸ್ಟಾ ಕಾಫಿ ತೋಟ. ಅವತ್ತು ಅಲ್ಲಿ ನೀರು ಹಾರಿಸಲು ನನ್ನ ಪಂಪು ಗೊತ್ತು ಮಾಡಿದ್ದರು.

"ಮಂಜಾ, ಪಂಪು ಬೇಡ ಕಣೋ. ಊರಲ್ಲಿ ಒಂದಿಂಚು ಮೂವತ್ತು ಸೆಂಟ್ ಹೊಡೀತಂತಲ್ಲ. ಮಗಳು ಕಂಪ್ಯೂಟರಲ್ಲಿ ಓದಿ ಹೇಳಿದ್ಲು."

ಕೈಯಲ್ಲಿದ್ದ ಪೈಪು ಕಾಲಿನ ಮೇಲೆ ಬಿತ್ತು. "ಇಲ್ಲ ಟೀಚರ್, ಒಂದು ಹನಿಯೂ ಬಿದ್ದಿಲ್ಲ. ನಿಮ್ಮ ಮೊಗ್ಗು ಇನ್ನೆರಡು ದಿನವೂ ತಡೆಯೋದಿಲ್ಲ."

"ನೀನು ಹಾಗೇ ಹೇಳ್ತೀಯ, ನಿನಗೆ ಪಂಪು ಓಡಬೇಕು. ಆ ನೇರಮಾತು ಅನ್ನೋರಿಗೆ ಸುಳ್ಳು ಹೇಳಿ ಏನಾಗಬೇಕು?"

ಅವರಿಗೆ ಏನಾಗಬೇಕಿತ್ತು ಎಂಬುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಬಾಯಿ ಬಿಡುವಷ್ಟರಲ್ಲಿ ಟೀಚರ್ ಫೋನಿಟ್ಟಾಗಿತ್ತು. ತಿರುಗಿ ಮಾಡಿದರೆ ಎತ್ತಲಿಲ್ಲ. ಪಂಪು ಅಂಗಳದಲ್ಲಿ ಸುಮ್ಮನೆ ಕೂತಿತ್ತು. ಆಚೆ ನಾಲ್ಕೆಕರೆಯ ಮೇಲೆ ಬಿಸಿಲು ಏರುತ್ತಿತ್ತು. ನನ್ನ ಹೆಂಡತಿ ಎಲ್ಲ ಕೇಳಿ, "ಹೋಗಿ ಒಪ್ಪಿಕೊಂಡು ಬನ್ನಿ. ಅಲ್ಲಿವರೆಗೆ ಕಾಫಿ ಕಾಸಲ್ಲ" ಎಂದಳು.

ಮೂಡಿಗೆರೆಗೆ ಹೋಗಿ ಸ್ವಂತ ಹೆಸರು ಹಾಕಿಸಿ ಬರೆಸಿದೆ: 'ನೇರಮಾತು ಅಂದರೆ ಪಂಪ್‌ಸೆಟ್ ರಿಪೇರಿ ಮಂಜ. ಗೋಣಿಬೀಡಿನಲ್ಲಿ ಮಳೆ ಬಂದಿಲ್ಲ. ಹೆಚ್ಚು ಉತ್ತರ ಬರಲಿ ಅಂತ ಸುಳ್ಳು ಬರೆಸಿದೆ. ಸರೋಜಮ್ಮ ಟೀಚರ್ ಮಗಳು ಓದುತ್ತಿದ್ದರೆ ದಯವಿಟ್ಟು ಅಮ್ಮನಿಗೆ ಹೇಳಿ.'

ಕೆಳಗೆ ಶೋಭಾಳ ಫೋನ್ ನಂಬರನ್ನೂ ಹಾಕಿಸಿದ್ದೆ; ಅರ್ಧ ಗಂಟೆಗೆ ಅದಕ್ಕೇ ಟೀಚರ್ ಫೋನು ಬಂತು. "ಏಳನೇ ಕ್ಲಾಸಲ್ಲೂ ನೀನು ಮಳೆ ಅಂತ ಹೇಳೇ ಸ್ಕೂಲಿಗೆ ಚಕ್ಕರ್ ಹಾಕ್ತಿದ್ದೆ. ಹೋಗು, ಪಂಪು ಹಚ್ಚು." ಮಧ್ಯಾಹ್ನದೊಳಗೆ ನೀರು ಹಾರಿತು. ಎಂಟು ದಿನಕ್ಕೆ ನಾಲ್ಕೆಕರೆಯೂ ಬೆಳ್ಳಗೆ ಹೂ ಬಿಟ್ಟು, ಪರಿಮಳ ನಮ್ಮ ಬೆಂಚಿನವರೆಗೂ ಬಂತು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ನನಗೆ ಎಷ್ಟು ಬೈದಿದ್ದಾರೆ ನೋಡೋಣ ಎಂದು ಮತ್ತೆ ಸೈಬರಿಗೆ ಹೋದೆ. ಬೈದವರು ಒಂಬತ್ತೇ ಜನ. ಹತ್ತನೆಯವನಾಗಿ ಲಕ್ಷ್ಮಣ ಬರೆದಿದ್ದ: 'ಮಂಜಣ್ಣ ಬೆವರು ಸುರಿಸಿ ದುಡಿಯುವ ಮನುಷ್ಯ. ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳುವುದಕ್ಕೆ ಗಟ್ಟಿ ಎದೆ ಬೇಕು. ಕ್ಷಮಿಸಿಬಿಡೋಣ.' ಅಲ್ಲಿಂದ ಮುಂದೆ ಒಬ್ಬರಿಗೂ ನನ್ನ ನೆನಪಿಲ್ಲ. 'ಎಂಥ ದೊಡ್ಡ ಮನಸ್ಸು ಸರ್', 'ನಿಮ್ಮಂಥವರು ಬೇಕು ಸರ್', ನಲವತ್ತಾರು ಜನ. ಸಾಲದ್ದಕ್ಕೆ, ಲಕ್ಷ್ಮಣ ಬರೆದದ್ದು ನನ್ನ ಬಗ್ಗೆ ನಾನೇ ಸದಾ ಅಂದುಕೊಳ್ಳುವ ಮಾತು.

ಶೋಭಾ, "ಲಕ್ಷ್ಮಣಣ್ಣಂಗೆ ಥ್ಯಾಂಕ್ಸ್ ಅಂತ ಬರೀಲಾ ಚಿಕ್ಕಪ್ಪ?" ಎಂದು ಕೇಳಿದಳು.

"ಅದನ್ನು ಆಮೇಲೆ ಬರೆದರಾಯ್ತು" ಎಂದೆ. "ಮೊದಲು ಇದನ್ನು ಹೇಳು ಮಾರಾಯ್ತಿ, ಬೇರೆ ಹೆಸರಲ್ಲಿ ನಾನೇ ಇನ್ನೊಮ್ಮೆ ಸೇರಬಹುದಾ? ನನ್ನ ಬಗ್ಗೆ ಎರಡು ಮಾತು ಬರೆಯುವುದಿತ್ತು."